ಒಂದೇ ಬೇನೆ, ವಯಸ್ಸಿಗೊಂದು ಮುಖ: ಮನೆತನದಲ್ಲಿ ಬರುವ ಕಣ್ಣಿನ ನರದ ಬೇನೆ ಗುರುತಿಸುವುದು ಹೇಗೆ?

ನಮ್ಮ ಅವ್ವನ ಕಡೆ ಮೂವರಿಗೆ ಕಣ್ಣಿನ ದೃಷ್ಟಿ ಹೋಗಿದೆ. ಸೋದರಮಾವನಿಗೆ 48ನೇ ವಯಸ್ಸಿನಲ್ಲಿ, ನನ್ನ ತಮ್ಮನಿಗೆ 19ರಲ್ಲಿ, ಚಿಗವ್ವನ ಮಗಳ ಮಗನಿಗೆ 7ರಲ್ಲಿ. ಮಾವ ಕುಡಿದು ಕುಡಿದು ಕಣ್ಣು ಕಳಕೊಂಡ ಅಂದರು. ತಮ್ಮ ರಾತ್ರಿಯೆಲ್ಲ ಮೊಬೈಲ್ ನೋಡಿ ಹಾಳು ಮಾಡಿಕೊಂಡ ಅಂದರು. ಹುಡುಗ ಓದೋಕೆ ಬೇಜಾರಾಗಿ ಸುಮ್ನೆ ಕಾಣಲ್ಲ ಅಂತಾನೆ ಅಂದರು. ಮೂವರದ್ದೂ ಒಂದೇ ಬೇನೆ ಅಂತ ತಿಳಿಯಲು 17 ವರ್ಷ ಹಿಡಿಯಿತು. ವಯಸ್ಸು ಬೇರೆಯಾಗಿದ್ದರಿಂದ ಲಕ್ಷಣವೂ ಬೇರೆಯಾಗಿತ್ತು. ಹಾಗಾಗಿ ಯಾರಿಗೂ ಒಂದಕ್ಕೊಂದು ತಾಳೆ ಹಾಕಬೇಕು ಅಂತ ಹೊಳೆಯಲೇ ಇಲ್ಲ.

ನಾನು ಗದಗ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಟೀಚರ್. ವೈದ್ಯೆ ಅಲ್ಲ. ನಮ್ಮ ಮನೆಯಲ್ಲಿ ಆದ ತಡ ನಿಮ್ಮ ಮನೆಯಲ್ಲಿ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೇನೆ ಏನು ಅಂತ ತಿಳಿಯೋಣ

ಇದರ ಹೆಸರು ಲೆಬರ್ ಆನುವಂಶಿಕ ದೃಷ್ಟಿನರ ಬೇನೆ. ದವಾಖಾನೆಯ ಚೀಟಿಯಲ್ಲಿ ಎಲ್‌ಎಚ್‌ಒಎನ್ ಅಂತ ಬರೆಯುತ್ತಾರೆ. 1871ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಥಿಯೊಡೋರ್ ಲೆಬರ್ ಇದನ್ನು ವಿವರವಾಗಿ ಬರೆದಿಟ್ಟರು. ಇದಕ್ಕೆ ಕಾರಣವಾದ ಜೀನ್ ದೋಷ ಸಿಕ್ಕಿದ್ದು 1988ರಲ್ಲಿ.

ನಮ್ಮ ಕಡೆ ಲೈನಿನ ಕೊನೆಯಲ್ಲಿರುವ ಹೊಲಕ್ಕೆ ಯಾವಾಗಲೂ ವೋಲ್ಟೇಜ್ ಕಡಿಮೆ, ಅಲ್ವಾ? ಪಂಪ್‌ಸೆಟ್ ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ. ಹೇಗೋ ಒಂದಷ್ಟು ದಿನ ನಡೆಯುತ್ತದೆ, ಆಮೇಲೆ ಒಂದು ದಿನ ಮೋಟರ್ ಸುಟ್ಟೇ ಹೋಗುತ್ತದೆ. ಇಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಅನ್ನುವ ಭಾಗಗಳಿವೆ. ಅವಕ್ಕೆ ಅವುಗಳದ್ದೇ ಜೀನುಗಳಿವೆ. ಆ ಜೀನಿನಲ್ಲಿ ದೋಷ ಇದ್ದರೆ ಶಕ್ತಿ ಕಡಿಮೆ ಬೀಳುತ್ತದೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿ ನಟ್ಟನಡುವಿನ ನೋಟವನ್ನು ಒಯ್ಯುವ ಎಳೆಗಳು ಬಹಳ ಸಣ್ಣವು. ಅವಕ್ಕೆ ಶಕ್ತಿಯೂ ಜಾಸ್ತಿ ಬೇಕು. ಮೊದಲು ಸೋಲುವುದು ಅವೇ. ಅದಕ್ಕೇ ಓದುವ, ಮುಖ ಗುರುತಿಸುವ ನಡುವಿನ ನೋಟ ಹೋಗುತ್ತದೆ, ಅಂಚಿನ ನೋಟ ಉಳಿಯುತ್ತದೆ.

ದೋಷ ಹುಟ್ಟಿನಿಂದಲೇ ಇರುತ್ತದೆ. ಆದರೆ ಮೋಟರ್ ಯಾವ ವಯಸ್ಸಿನಲ್ಲಿ ಸುಡುತ್ತದೆ ಅಂತ ಹೇಳಲಾಗದು. ಎರಡು ವರ್ಷದ ಮಗುವಿನಿಂದ ಎಂಬತ್ತು ದಾಟಿದವರ ತನಕ ದಾಖಲೆಗಳಿವೆ. ಜಾಸ್ತಿ ಕಾಣಿಸುವುದು 15ರಿಂದ 35ರ ನಡುವೆ. ದೃಷ್ಟಿ ಕಳಕೊಳ್ಳುವವರಲ್ಲಿ ನೂರಕ್ಕೆ 95 ಜನರಿಗೆ 50 ತುಂಬುವುದರೊಳಗೇ ಅದು ಆಗಿರುತ್ತದೆ. ಎಷ್ಟೋ ಜನರಿಗೆ ಜೀವಮಾನದಲ್ಲೇ ಆಗುವುದಿಲ್ಲ.

ಹೆಜ್ಜೆ 1: ವಯಸ್ಸು ನೋಡಿ ಲಕ್ಷಣ ಹುಡುಕಿ

ಹದಿಹರೆಯ ಮತ್ತು ಯೌವನದಲ್ಲಿ ಇದು ಥಟ್ಟನೆ ಬರುತ್ತದೆ. ತಮ್ಮ ಆಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಚಿಗರಿ ಬಸ್ಸಿಗೆ ನಿಂತಾಗ ಎಡಗಣ್ಣಿಗೆ ಧೂಳು ಬಿದ್ದಿತು. ಅದನ್ನು ಉಜ್ಜಿಕೊಳ್ಳುತ್ತ ಬಲಗಣ್ಣಿನಿಂದ ಬಸ್ಸಿನ ಬೋರ್ಡ್ ನೋಡಿದ. ಬೋರ್ಡಿನ ಅಂಚು ಕಾಣುತ್ತಿತ್ತು, ನಡುವಿನ ಅಕ್ಷರ ಇರಲಿಲ್ಲ. ಆ ರಾತ್ರಿ ಫೋನ್ ಮಾಡಿ, "ಅಕ್ಕಾ, ನಡುವ ಏನೋ ಅಡ್ಡ ಬಂದಂಗ ಆಗೈತಿ. ನೋವು ಏನಿಲ್ಲ" ಅಂದ. ಆ 'ನೋವಿಲ್ಲ' ಅನ್ನುವ ಮಾತೇ ನಮ್ಮನ್ನು ಕೆಡಿಸಿತು. ನೋವಿಲ್ಲ ಅಂದರೆ ದೊಡ್ಡದೇನಲ್ಲ ಅಂದುಕೊಂಡೆವು. ಚಷ್ಮಾ ಅಂಗಡಿಯಲ್ಲಿ ಎರಡು ಸಲ ನಂಬರ್ ಬದಲಿಸಿದರು. ಏಳನೇ ವಾರಕ್ಕೆ ಎಡಗಣ್ಣೂ ಹಾಗೇ ಆಯಿತು.

ಈ ವಯಸ್ಸಿನಲ್ಲಿ ಬೇನೆಯ ನಡೆ ಬಹುತೇಕ ಹೀಗೇ ಇರುತ್ತದೆ. ಒಂದು ಕಣ್ಣಿನ ನಡುಭಾಗ ನೋವಿಲ್ಲದೆ ಮಸುಕಾಗುತ್ತದೆ. ಕೆಂಪು-ಹಸಿರು ಬಣ್ಣ ಮಂಕಾಗುತ್ತವೆ. ಕೆಲವು ವಾರ ಇಲ್ಲವೇ ತಿಂಗಳಲ್ಲಿ ಇನ್ನೊಂದು ಕಣ್ಣು. ಸುಮಾರು ಕಾಲುಭಾಗ ಜನರಿಗೆ ಎರಡೂ ಕಣ್ಣು ಒಟ್ಟಿಗೇ ಹೋಗುತ್ತವೆ. ಗಂಡು ಹುಡುಗರಲ್ಲಿ ಜಾಸ್ತಿ. ನಾಲ್ಕಾರು ತಿಂಗಳು ಇಳಿದು ಇಳಿದು ಆಮೇಲೆ ಒಂದು ಕಡೆ ನಿಲ್ಲುತ್ತದೆ.

ಚಿಕ್ಕ ಮಕ್ಕಳಲ್ಲಿ ಹಾಗಲ್ಲ. ಹನ್ನೆರಡರ ಒಳಗೆ ಶುರುವಾಗುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಕೆಲವು ಮಕ್ಕಳಿಗೆ ದೊಡ್ಡವರ ಹಾಗೆ ಬೇಗ ಇಳಿಯುತ್ತದೆ. ಕೆಲವರಿಗೆ ವರ್ಷಗಟ್ಟಲೆ ನಿಧಾನಕ್ಕೆ ಜಾರುತ್ತದೆ. ಕೆಲವರಿಗೆ ಒಂದೇ ಕಣ್ಣಿಗೆ ಆಗಿ ಬಹಳ ದಿನ ಗೊತ್ತೇ ಆಗುವುದಿಲ್ಲ. ಮಗು ಬಂದು "ನನಗೆ ಕಾಣ್ತಿಲ್ಲ" ಅನ್ನುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ನಮ್ಮ ಹುಡುಗ ಪುಸ್ತಕವನ್ನು ಮೂಗಿಗೆ ಹಿಡಿಯುತ್ತಿದ್ದ. ಬೋರ್ಡಿನ ಮೇಲಿನದ್ದನ್ನು ಪಕ್ಕದವನ ಪಾಟಿ ನೋಡಿ ಬರೆಯುತ್ತಿದ್ದ. ಕ್ರಿಕೆಟಿನಲ್ಲಿ ಚೆಂಡು ಬಿಡುತ್ತಿದ್ದ, ಆದರೆ ಓಡುವಾಗ ಎಲ್ಲೂ ಎಡವುತ್ತಿರಲಿಲ್ಲ. ಹಾಗಾಗಿ ಎಲ್ಲರೂ ನಾಟಕ ಅಂದರು. ನಾನೂ ಅಂದೆ. ಟೀಚರ್ ಆಗಿದ್ದೂ ಅಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ವೈದ್ಯರಿಗೂ ಇಲ್ಲಿ ಒಂದು ತೊಡಕಿದೆ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಸಾಕಷ್ಟು ಚೆನ್ನಾಗೇ ಚಿಕ್ಕದಾಗುತ್ತದೆ. ಶುರುವಿನಲ್ಲಿ ಕಣ್ಣಿನ ಹಿಂಭಾಗವೂ ಕೆಲವರಲ್ಲಿ ಸರಿಯಾಗೇ ಕಾಣುತ್ತದೆ. ಹಾಗಾಗಿ 'ಸೋಮಾರಿ ಕಣ್ಣು' ಅಂತಲೋ, 'ಮನಸ್ಸಿನದ್ದು' ಅಂತಲೋ ಬರೆದುಬಿಡುವುದುಂಟು. ಆದರೆ ಮಕ್ಕಳ ವಿಷಯದಲ್ಲಿ ಒಂದು ಸಮಾಧಾನವಿದೆ. ಚಿಕ್ಕಂದಿನಲ್ಲಿ ಶುರುವಾದವರಿಗೆ ನೋಟ ಅಷ್ಟಿಷ್ಟು ಉಳಿಯುವ ಅಥವಾ ಮರಳುವ ಸಾಧ್ಯತೆ ದೊಡ್ಡವರಿಗಿಂತ ಜಾಸ್ತಿ.

ಇನ್ನು 45-50 ದಾಟಿದವರು. ಇವರಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಈ ವಯಸ್ಸಿನಲ್ಲಿ ಕಣ್ಣು ಮಂಜಾದರೆ ಪೊರೆ ಅನ್ನುತ್ತೇವೆ, ಶುಗರ್ ಅನ್ನುತ್ತೇವೆ, ವಯಸ್ಸಾಯಿತು ಅನ್ನುತ್ತೇವೆ. ಬೀಡಿ, ಸಾರಾಯಿ ಚಟ ಇದ್ದರಂತೂ ಮಾತೇ ಮುಗಿಯಿತು. ಮಾವನ ವಿಷಯದಲ್ಲಿ ಚಟದ ಮಾತು ಪೂರ್ತಿ ಸುಳ್ಳೂ ಅಲ್ಲ. ತಡವಾಗಿ ಕಾಣಿಸಿಕೊಳ್ಳುವವರಲ್ಲಿ ಸೇದುವುದು, ಕುಡಿಯುವುದು ಬಹಳ ಸಲ ಜೊತೆಗಿರುತ್ತದೆ. ಮೊದಲೇ ಸೋತ ಲೈನಿಗೆ ಅದು ಇನ್ನೊಂದು ಮೋಟರ್ ಜೋಡಿಸಿದ ಹಾಗೆ. ಆದರೆ ಬರೀ ಚಟ ಅಂತ ಬೈದು ಮಾವನನ್ನು ಮೂಲೆಗೆ ಕೂರಿಸಿದೆವು. ಒಂದು ಪರೀಕ್ಷೆಯನ್ನೂ ಮಾಡಿಸಲಿಲ್ಲ. ಅಂದು ಮಾಡಿಸಿದ್ದರೆ ತಮ್ಮನ ವೈದ್ಯರಿಗೆ ಕೂಡಲೇ ದಾರಿ ಸಿಗುತ್ತಿತ್ತು.

ಹೆಜ್ಜೆ 2: ಗೋಡೆಯ ಕ್ಯಾಲೆಂಡರ್, ಒಂದು ಬ್ಯಾಡಗಿ ಮೆಣಸಿನಕಾಯಿ

ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಅದಕ್ಕೇ ಒಂದೊಂದೇ ಕಣ್ಣು ನೋಡಬೇಕು. ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಒತ್ತಬೇಡಿ. ಗೋಡೆಯ ದೊಡ್ಡ ಕ್ಯಾಲೆಂಡರ್ ಮುಂದೆ ಒಂದು ಮಾರು ದೂರ ನಿಲ್ಲಿ. ನಟ್ಟನಡುವಿನ ತಾರೀಖನ್ನೇ ದಿಟ್ಟಿಸಿ. ಆ ಅಂಕಿ ಮಸುಕಾಗಿ ಸುತ್ತಲಿನ ತಾರೀಖಿನ ಮನೆಗಳು ಚೆನ್ನಾಗಿ ಕಾಣುತ್ತವೆಯೇ? ಇನ್ನೊಂದು ಕಣ್ಣಿನಲ್ಲೂ ನೋಡಿ.

ಆಮೇಲೆ ಒಂದು ಒಣಗಿದ ಬ್ಯಾಡಗಿ ಮೆಣಸಿನಕಾಯಿ ತೆಗೆದುಕೊಳ್ಳಿ. ಅದರ ಕಡುಗೆಂಪು ಈ ಪರೀಕ್ಷೆಗೆ ಹೇಳಿಮಾಡಿಸಿದ್ದು. ಹಗಲು ಬೆಳಕಿನಲ್ಲಿ ಹಿಡಿದು ಒಂದು ಸಲ ಎಡಗಣ್ಣಿನಿಂದ, ಒಂದು ಸಲ ಬಲಗಣ್ಣಿನಿಂದ ನೋಡಿ. ಎರಡರಲ್ಲೂ ಅಷ್ಟೇ ಕೆಂಪಾಗಿ ಕಾಣಬೇಕು. ಒಂದರಲ್ಲಿ ಹಳೇ ಮೆಣಸಿನಕಾಯಿ ಹಾಗೆ ಕಂದು ಕಂದಾಗಿ ಕಂಡರೆ ನರದ ಕಡೆ ಅನುಮಾನ ಪಡಬೇಕು. ತಮ್ಮ ತನ್ನ ಬಲಗಣ್ಣಿನಲ್ಲಿ ನೋಡಿ "ಇದು ಹುಣಸೆಹಣ್ಣಿನ ಬಣ್ಣ ಐತಿ" ಅಂದಿದ್ದ. ಮಕ್ಕಳಿಗೆ ಇದನ್ನು ಆಟದ ಹಾಗೆ ಮಾಡಿಸಿ, ಇಲ್ಲದಿದ್ದರೆ ಊಹಿಸಿ ಹೇಳುತ್ತಾರೆ.

ಇದು ರೋಗ ಯಾವುದು ಅಂತ ಹೇಳುವುದಿಲ್ಲ. ಯಾವಾಗ ದವಾಖಾನೆಗೆ ಓಡಬೇಕು ಅಂತ ಮಾತ್ರ ಹೇಳುತ್ತದೆ.

ಹೆಜ್ಜೆ 3: ನಮ್ಮದು ಮನೆತನದ್ದು ಅಂತ ಸುಮ್ಮನೆ ಕೂರಬೇಡಿ

ನೋಟ ಹಠಾತ್ತಾಗಿ ಕುಂದಿದರೆ ವಾಸಿಯಾಗುವ ಬೇರೆ ಕಾಯಿಲೆ ಏನಾದರೂ ಇದೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಇಲ್ಲೂ ವಯಸ್ಸು ದಾರಿ ತೋರಿಸುತ್ತದೆ.

ಮಗುವಾದರೆ ಮೆದುಳಿನ ಗಡ್ಡೆ ನರವನ್ನು ಒತ್ತುತ್ತಿಲ್ಲ ಅಂತ ನೋಡಬೇಕು. ಅದಕ್ಕೆ ಎಂಆರ್‌ಐ ಬೇಡ ಅನ್ನಬೇಡಿ. ಇಪ್ಪತ್ತು-ನಲವತ್ತರವರಿಗೆ ಕಣ್ಣು ಹೊರಳಿಸಿದಾಗ ನೋವಿದ್ದರೆ ಅದು ನರದ ಉರಿಯೂತ ಇರಬಹುದು. ಅದಕ್ಕೆ ಚಿಕಿತ್ಸೆ ಬೇರೆ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು, ತಲೆ ಬಾಚಿದರೆ ನೋವು, ರೊಟ್ಟಿ ಅಗಿಯುವಾಗ ದವಡೆ ನೋವು ಇದ್ದರೆ ಅದೇ ದಿನ ಹೋಗಿ. ರಕ್ತನಾಳದ ಉರಿಯೂತ ಇದ್ದರೆ ತಡಮಾಡಿದಷ್ಟೂ ಇನ್ನೊಂದು ಕಣ್ಣಿಗೆ ಅಪಾಯ. ಕಳ್ಳಭಟ್ಟಿ ಕುಡಿದ ಮೇಲೆ ನೋಟ ಹೋದರೆ ಗಂಟೆಗಳ ಲೆಕ್ಕ. ಬಿ12 ಕೊರತೆ, ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಗುಳಿಗೆ, ಇವೂ ಇದೇ ರೀತಿ ನಡುವಿನ ನೋಟ ಕೆಡಿಸುತ್ತವೆ. ಬೇಗ ಗುರುತಿಸಿದರೆ ಇವು ಸುಧಾರಿಸಬಲ್ಲವು.

ಹೆಜ್ಜೆ 4: ಅವ್ವನ ಕಡೆಯ ನಕ್ಷೆ ಬರೆಯಿರಿ

ನಮ್ಮ ಗಂಟು ಬಿಚ್ಚಿದ್ದೇ ಇಲ್ಲಿ. ಹುಡುಗನನ್ನು ಹುಬ್ಬಳ್ಳಿಗೆ ಕರೆದೊಯ್ದಾಗ ಒಬ್ಬ ಯುವ ವೈದ್ಯೆ ಕೇಸ್ ಪೇಪರ್ ತಿರುವಿ ಹಾಕಿ, ಮನೆಯವರ ಬಗ್ಗೆ ಒಬ್ಬೊಬ್ಬರಾಗಿ ಕೇಳುತ್ತ ವಂಶದ ನಕ್ಷೆ ಬರೆಯುತ್ತ ಹೋದರು. ಹೆಂಗಸರಿಗೆ ಸುತ್ತು, ಗಂಡಸರಿಗೆ ಚೌಕ. ನೋಟ ಹೋದವರ ಚೌಕವನ್ನು ಪೆನ್ನಿನಿಂದ ತುಂಬಿದರು. ಮೂರು ಕಪ್ಪು ಚೌಕ, ಮೂರನ್ನೂ ಕೂಡಿಸುವ ಗೆರೆ ಬರೀ ಸುತ್ತುಗಳ ಮೂಲಕ ಹೋಗಿ ನಮ್ಮ ಅಜ್ಜಿಯಲ್ಲಿ ಸೇರಿತು. ನಾನು ಸುಮ್ಮನೆ ನೋಡುತ್ತ ಕೂತೆ.

ಕಾರಣ ಇಷ್ಟೇ. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ತಾಯಿ ತನ್ನ ಗಂಡು-ಹೆಣ್ಣು ಎಲ್ಲ ಮಕ್ಕಳಿಗೂ ಕೊಡುತ್ತಾಳೆ. ಮುಂದೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಗಂಡಸಿಗೆ ಬೇನೆ ಇದ್ದರೂ ಅವನಿಂದ ಮಕ್ಕಳಿಗೆ ಹೋಗುವುದಿಲ್ಲ. ಆದ್ದರಿಂದ ಕೇಳಬೇಕಾದವರು ಅಜ್ಜಿ, ಅಜ್ಜಿಯ ಅಣ್ಣತಮ್ಮ, ಅಕ್ಕತಂಗಿಯರು, ದೊಡ್ಡವ್ವ, ಚಿಗವ್ವ, ಸೋದರಮಾವ. "ಕುರುಡರಿದ್ದರಾ" ಅಂತ ಕೇಳಬೇಡಿ, ಇಲ್ಲ ಅಂತಾರೆ. "ಓದೋಕೆ, ಮುಖ ಗುರುತಿಸೋಕೆ ಕಷ್ಟಪಡ್ತಿದ್ದವರು ಯಾರು? ಎಷ್ಟನೇ ವಯಸ್ಸಿಗೆ?" ಅಂತ ಕೇಳಿ. ವಯಸ್ಸನ್ನು ಹೆಸರಿನ ಪಕ್ಕ ಬರೆಯಿರಿ.

ನಮ್ಮ ಸೀಮೆಯವರು ಇನ್ನೊಂದು ವಿಷಯ ನೋಡಲೇಬೇಕು. 'ಗಂಡಸಿನಿಂದ ಹೋಗಲ್ಲ' ಅಂತ ವೈದ್ಯೆ ಹೇಳಿದಾಗ ಮಾವನ ಮಕ್ಕಳು ಪಾರಾದರು ಅಂತ ನಿಟ್ಟುಸಿರು ಬಿಟ್ಟೆವು. ಆದರೆ ಮಾವ ಮದುವೆಯಾಗಿದ್ದು ತನ್ನ ಅಕ್ಕನ ಮಗಳನ್ನೇ, ಅಂದರೆ ನಮ್ಮ ದೊಡ್ಡವ್ವನ ಮಗಳನ್ನು. ಅವಳಿಗೂ ಅದೇ ಅಜ್ಜಿಯ ಬಳ್ಳಿ. ಮಾವನಿಂದ ಬರದಿದ್ದರೂ ಅವಳಿಂದ ಆ ಮಕ್ಕಳಿಗೆ ಬಂದೇ ಇದೆ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಈ ಗೆರೆಯನ್ನು ಎರಡು ಸಲ ಎಳೆದು ನೋಡಿ.

ಎಲ್ಲ ಆನುವಂಶಿಕ ಕಣ್ಣಿನ ನರದ ಬೇನೆಯೂ ಲೆಬರ್ ಅಲ್ಲ. ಡೆನ್ಮಾರ್ಕಿನ ಪೌಲ್ ಕ್ಯೆರ್ 1959ರಲ್ಲಿ ವಿವರಿಸಿದ ಇನ್ನೊಂದಿದೆ. ಅದರಲ್ಲಿ ಸಾಮಾನ್ಯವಾಗಿ ಕೆಡುವುದು ಒಪಿಎ1 ಅನ್ನುವ ಜೀನ್. ಅದು ಅಪ್ಪನಿಂದಲೂ ಬರಬಹುದು, ಅವ್ವನಿಂದಲೂ ಬರಬಹುದು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಹತ್ತು ವರ್ಷದೊಳಗೆ ಎರಡೂ ಕಣ್ಣಿನಲ್ಲಿ ಸದ್ದಿಲ್ಲದೆ ಶುರುವಾಗುತ್ತದೆ, ನೀಲಿ-ಹಳದಿ ಗೊಂದಲವಾಗುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೆ ತೀರ ಸ್ವಲ್ಪ, ಒಬ್ಬರಿಗೆ ಬಹಳ. ಕೆಲವರಿಗೆ ಕಿವಿಯೂ ಮಂದವಾಗುತ್ತದೆ. ಮಗುವಿಗೆ ಶುಗರ್ ಕಾಯಿಲೆ ಇದ್ದು ಆಮೇಲೆ ನೋಟವೂ ಕುಂದಿದರೆ ವುಲ್ಫ್ರಾಮ್ ಅನ್ನುವ ಬೇನೆಯನ್ನೂ ನೋಡಬೇಕು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಾಧ್ಯತೆ ಜಾಸ್ತಿ.

ಹೆಜ್ಜೆ 5: ದವಾಖಾನೆಯಲ್ಲಿ ಏನು ಕೇಳಬೇಕು

ಕಣ್ಣಿನ ವಿಭಾಗ ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ, ಈಗ ಕೆಎಂಸಿಆರ್‌ಐ ಅನ್ನುವ ಸರ್ಕಾರಿ ದವಾಖಾನೆಯಲ್ಲೂ ಇದೆ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಇದೆ. ಎಲ್ಲಿ ಹೋದರೂ ನಕ್ಷೆಯನ್ನು ಮೊದಲೇ ಮೇಜಿನ ಮೇಲಿಡಿ. ಚಷ್ಮಾದ ನಂಬರ್ ನೋಡಿ ಕಳಿಸಿದರೆ, "ಬಣ್ಣದ ಪರೀಕ್ಷೆ, ಫೀಲ್ಡ್ ಪರೀಕ್ಷೆ, ಓಸಿಟಿ ಮಾಡ್ತೀರಾ?" ಅಂತ ವಿನಯದಿಂದಲೇ ಕೇಳಿ. ಫೀಲ್ಡ್ ಪರೀಕ್ಷೆಯಲ್ಲಿ ನೋಟದ ಯಾವ ಭಾಗ ಹೋಗಿದೆ ಅಂತ ತಿಳಿಯುತ್ತದೆ. ಓಸಿಟಿ ನರದ ಎಳೆಗಳ ದಪ್ಪ ಅಳೆಯುತ್ತದೆ. ಲೆಬರ್‌ನಲ್ಲಿ ಶುರುವಿಗೆ ಎಳೆಗಳು ಉಬ್ಬಿದ ಹಾಗಿದ್ದು ಆಮೇಲೆ ಸವೆಯುತ್ತವೆ. ಅದಕ್ಕೇ ಹಳೇ ರಿಪೋರ್ಟ್ ಎಸೆಯಬೇಡಿ.

ಕೊನೆಗೆ ರಕ್ತದ ಜೀನ್ ಪರೀಕ್ಷೆ. ಮೂರು ದೋಷಗಳು ಸುಮಾರು ನೂರಕ್ಕೆ 90 ಕುಟುಂಬಗಳಲ್ಲಿ ಸಿಗುತ್ತವೆ: 11778, 3460, 14484. ರಿಪೋರ್ಟಿನಲ್ಲಿ ಈ ಅಂಕಿ ಹುಡುಕಿ. ನಮ್ಮದು 11778. ಜಾಸ್ತಿ ಜನರಲ್ಲಿ ಸಿಗುವುದೂ ಇದೇ, ನೋಟ ಮರಳುವುದು ಕಷ್ಟವಾದದ್ದೂ ಇದೇ. 14484 ಇದ್ದವರಿಗೆ ತಿಂಗಳು, ವರ್ಷಗಳ ಮೇಲೂ ನೋಟ ಸ್ವಲ್ಪ ಮರಳುವ ಸಾಧ್ಯತೆ ಎಲ್ಲರಿಗಿಂತ ಚೆನ್ನಾಗಿದೆ.

ಔಷಧಿ? ಐಡೆಬೆನೋನ್ ಅನ್ನುವ ಗುಳಿಗೆಗೆ 2015ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ, ಅದೂ ಹದಿಹರೆಯದವರು ಮತ್ತು ದೊಡ್ಡವರಿಗೆ. ಕೆಲವರಿಗೆ ಉಪಯೋಗವಾಗಿದೆ, ಎಲ್ಲರಿಗೂ ಅಲ್ಲ. ನಿಮ್ಮವರಿಗೆ ಕೊಡಬಹುದಾ ಅಂತ ವೈದ್ಯರನ್ನೇ ಕೇಳಿ. ಕಣ್ಣಿಗೆ ಸರಿಯಾದ ಜೀನ್ ಚುಚ್ಚುವ ಚಿಕಿತ್ಸೆಯ ಪ್ರಯೋಗಗಳು ನಡೆದಿವೆ. ಒಂದು ಕಣ್ಣಿಗೆ ಚುಚ್ಚಿದಾಗ ಇನ್ನೊಂದೂ ಸುಧಾರಿಸಿದ್ದು ಸಂಶೋಧಕರಿಗೇ ಅಚ್ಚರಿ ತಂದಿತು. ಆದರೆ ಸತ್ತ ನರವನ್ನು ವಾಪಸ್ ತರುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರಿಗೆ ಹೊಲ ಮಾರಿ ದುಡ್ಡು ಕೊಡಬೇಡಿ. ನಮ್ಮನ್ನೂ ಒಬ್ಬರು ಕೇಳಿದ್ದರು. ಅವ್ವ ಬಳೆ ಬಿಚ್ಚಿಯೂ ಆಗಿತ್ತು. ತಮ್ಮನೇ ತಡೆದ.

ಹೆಜ್ಜೆ 6: ದೋಷ ಇದ್ದೂ ಕಣ್ಣು ಚೆನ್ನಾಗಿರುವವರು

ನಾನು ಈ ಸಾಲಿನವಳು. ನನ್ನ ಇಬ್ಬರು ಮಕ್ಕಳೂ ಇದೇ ಸಾಲಿನವರು. ಅವರ ರಕ್ತ ಪರೀಕ್ಷೆ ಮಾಡಿಸಿಲ್ಲ. ನನ್ನ ಎಲ್ಲ ಮೈಟೊಕಾಂಡ್ರಿಯಾದಲ್ಲೂ ದೋಷ ಇರುವುದರಿಂದ ಅವರಲ್ಲೂ ಇರುತ್ತದೆ, ಅದಕ್ಕೆ ಬೇರೆ ಸೂಜಿ ಬೇಡ ಅಂದರು ವೈದ್ಯೆ.

ಹೆದರಿಕೆ ಎಷ್ಟಿರಬೇಕು? ದೋಷ ಇದ್ದ ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರು ನೋಟ ಕಳಕೊಳ್ಳುತ್ತಾರೆ ಅಂತ ಮೊದಲು ಹೇಳುತ್ತಿದ್ದರು. ಆಸ್ಟ್ರೇಲಿಯಾದ ಕುಟುಂಬಗಳನ್ನು ಈಚೆಗೆ ಪೂರ್ತಿ ಲೆಕ್ಕ ಹಾಕಿದಾಗ ಗಂಡಸರಲ್ಲಿ ನೂರಕ್ಕೆ 17.5, ಹೆಂಗಸರಲ್ಲಿ 5.4 ಬಂದಿತು. ಆ ಎರಡು ಅಂಕಿ ಓದಿದ ರಾತ್ರಿ ನಾನು ಬಹಳ ದಿನದ ಮೇಲೆ ನೆಮ್ಮದಿಯಾಗಿ ಮಲಗಿದೆ. ವಯಸ್ಸು ದಾಟುತ್ತ ಹೋದ ಹಾಗೆ ಅಪಾಯವೂ ಇಳಿಯುತ್ತ ಹೋಗುತ್ತದೆ.

ನಮ್ಮ ಕೈಯಲ್ಲಿರುವುದು ಬೀಡಿ, ಸಿಗರೇಟು, ಕುಡಿತ. ಬೇನೆ ಇರುವ 125 ಕುಟುಂಬಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೋಷ ಇದ್ದು ಸೇದುವ ಗಂಡಸರಲ್ಲಿ ನೂರಕ್ಕೆ 93 ಜನರ ನೋಟ ಹೋಗಿತ್ತು. ಹದಿಮೂರು-ಹದಿನಾಲ್ಕರ ಹುಡುಗನಿಗೆ ಇದನ್ನು ಬಿಡಿಸಿ ಹೇಳಿ. ಕಾಲೇಜಿಗೆ ಕಳಿಸಿದ ಮೇಲೆ ಹೇಳಿದರೆ ತಡವಾಗುತ್ತದೆ. ಪಕ್ಕದಲ್ಲಿ ಸೇದುವ ಅಪ್ಪನೂ ಬಿಡಬೇಕು. ಟಿಬಿ ಔಷಧಿ ಶುರುಮಾಡುವ ಮೊದಲು 'ಮನೆಯಲ್ಲಿ ಲೆಬರ್ ಇದೆ' ಅಂತ ವೈದ್ಯರಿಗೆ ತಿಳಿಸಿ. ಎಥಾಂಬ್ಯುಟಾಲ್, ಲಿನೆಜೊಲಿಡ್ ಎರಡೂ ನರಕ್ಕೆ ತೊಂದರೆ ಕೊಡಬಲ್ಲವು. ಆದರೆ ನೀವೇ ಗುಳಿಗೆ ನಿಲ್ಲಿಸಬೇಡಿ.

ಹೆಣ್ಣು-ಗಂಡು ನೋಡುವಾಗ ತೊಂದರೆಯಾದೀತು ಅಂತ ಮುಚ್ಚಿಡುವವರಿದ್ದಾರೆ. ಆ ಸಂಕಟ ನನಗೆ ಗೊತ್ತು. ಆದರೂ ಹೇಳಿ ಅಂತಲೇ ನನ್ನ ಮಾತು.

ಹೆಜ್ಜೆ 7: ನೋಟ ಹೋದ ಮೇಲೆ

ಗದಗಿನವರಿಗೆ ಕಣ್ಣಿಲ್ಲದವರು ಅಂದರೆ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ನೆನಪಾಗುತ್ತಾರೆ. ನಮ್ಮ ಊರಿನ ಹೆಮ್ಮೆ ಅದು. ಆದರೆ ತಮ್ಮನದ್ದು ಆ ಬಗೆಯ ಅಂಧತ್ವ ಅಲ್ಲ. ಅವನು ಒಬ್ಬನೇ ನಡೆಯುತ್ತಾನೆ, ಬಸ್ಸು ಹತ್ತುತ್ತಾನೆ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ದಿಟ್ಟಿಸುತ್ತಾನೆ, ಆಗ ಅಂಚಿನಲ್ಲಿ ನನ್ನ ಕಣ್ಣು ಮೂಗು ಸಿಗುತ್ತವೆ. ಜನ ಇದನ್ನು ನೋಡಿ ಸೊಕ್ಕು ಅನ್ನುತ್ತಾರೆ, ಇಲ್ಲವೇ ಕಣ್ಣು ಕಾಣುತ್ತದೆ, ಸರ್ಕಾರಕ್ಕೆ ಮೋಸ ಅನ್ನುತ್ತಾರೆ. ಮನೆಯವರು ಮುಂದೆ ನಿಂತು ವಿವರಿಸಿ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದ ದೃಷ್ಟಿಯೂ ಸೇರಿದೆ. ಬಹುತೇಕ ಸೌಲಭ್ಯಕ್ಕೆ ಅಂಗವಿಕಲತೆ ಕನಿಷ್ಠ ಶೇಕಡಾ 40 ಇರಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅರ್ಧ ಓಡಾಟ ತಪ್ಪುತ್ತದೆ.

ಮಗುವಾದರೆ ಶಾಲೆ ಬಿಡಿಸಬೇಡಿ. ಮೊದಲ ಬೆಂಚು, ದಪ್ಪ ಅಕ್ಷರ, ಭೂತಗನ್ನಡಿ, ಬೋರ್ಡಿನ ಫೋಟೊ ತೆಗೆದು ದೊಡ್ಡದು ಮಾಡಿ ನೋಡಲು ಒಂದು ಟ್ಯಾಬ್. ಯುವಕರಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೇಳುವ ಹಕ್ಕಿದೆ. ಪರೀಕ್ಷೆಗೆ ತಿಂಗಳುಗಳ ಮೊದಲೇ ಅರ್ಜಿ ಕೊಡಿ. ತಮ್ಮ ಮೊಬೈಲಿನ ಟಾಕ್‌ಬ್ಯಾಕ್ ಕಲಿತು ಡಿಗ್ರಿ ಮುಗಿಸಿದ. ಯಾವ ಮೊಬೈಲಿಗೆ ಬೈದಿದ್ದೆವೋ ಅದೇ ಈಗ ಅವನಿಗೆ ಓದಿ ಹೇಳುತ್ತದೆ. ಮಾವನ ವಯಸ್ಸಿನವರಿಗೆ ಗೌರವ ಮೊದಲು, ಮಿಕ್ಕಿದ್ದು ಆಮೇಲೆ. ಕಳೆದ ವರ್ಷ ರಿಪೋರ್ಟ್ ಹಿಡಿದು ಮಾವನ ಮನೆಗೆ ಹೋಗಿದ್ದೆ. "ನಿನ್ನ ತಪ್ಪಲ್ಲ ಮಾವ, ಹುಟ್ಟಿನಿಂದ ಬಂದದ್ದು" ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮವ್ವಗ ಹೇಳಿದಿ?" ಅಂತ ಕೇಳಿದರು.

ನಮ್ಮ ನಕ್ಷೆಯಲ್ಲಿ ಒಂದು ಗೆರೆ ಇನ್ನೂ ಖಾಲಿ ಇದೆ. ಅಜ್ಜಿಯ ತಂಗಿಯನ್ನು ಹಾವೇರಿ ಕಡೆ ಕೊಟ್ಟಿದ್ದರು. ಅವರಿಗೆ ನಾಲ್ಕು ಹೆಣ್ಣುಮಕ್ಕಳಂತೆ, ಬಳಕೆ ತಪ್ಪಿ ಮೂವತ್ತು ವರ್ಷ ಆಗಿದೆ. ದೀಪಾವಳಿ ರಜೆಯಲ್ಲಿ ವಿಳಾಸ ಹುಡುಕಿಕೊಂಡು ನಾನು, ತಮ್ಮ ಇಬ್ಬರೂ ಹೊರಟಿದ್ದೇವೆ. ಚೀಲದಲ್ಲಿ ನಕ್ಷೆಯ ಝೆರಾಕ್ಸ್ ನಾಲ್ಕು ಇಟ್ಟುಕೊಂಡಿದ್ದೇನೆ.